ನಿವೃತ್ತಿಯ ಹಣ, ದೇವನಹಳ್ಳಿಯ ಸೈಟು

ಪ್ರಶ್ನೆ: ಹೈಸ್ಕೂಲು ಶಿಕ್ಷಕನಾಗಿದ್ದು ಹೋದ ತಿಂಗಳು ನಿವೃತ್ತನಾದೆ. ಕೈಗೆ 28 ಲಕ್ಷ ಬಂದಿದೆ. ದೇವನಹಳ್ಳಿ ಕಡೆ 30×40 ರೆವೆನ್ಯೂ ಸೈಟು 22 ಲಕ್ಷಕ್ಕಿದೆ, ಮೂರು ವರ್ಷಕ್ಕೆ ದುಪ್ಪಟ್ಟಾಗುತ್ತೆ ಅಂತ ನಮ್ಮ ಷಡ್ಡಕರು ಹೇಳುತ್ತಾರೆ. ಸದ್ಯಕ್ಕೆ ನೋಂದಣಿ ಆಗಲ್ಲ, ಜಿಪಿಎ, ಅಂದರೆ ಅಧಿಕಾರ ಪತ್ರ, ಮಾಡಿಕೊಡ್ತಾರಂತೆ. ಭಾನುವಾರ ಮುಂಗಡ ಕೊಡಬೇಕು. ಏನು ಮಾಡಲಿ?
– ಓದುಗರು, ದಾವಣಗೆರೆ

ಉತ್ತರ: ಮೇಷ್ಟ್ರೇ, ದಯವಿಟ್ಟು ಭಾನುವಾರ ಹೋಗಬೇಡಿ.

ನಿಮ್ಮ ಷಡ್ಡಕರು ನಿಮ್ಮ ಒಳ್ಳೆಯದಕ್ಕೇ ಹೇಳಿರುತ್ತಾರೆ. 2008ರಲ್ಲಿ ವಿಮಾನ ನಿಲ್ದಾಣ ಶುರುವಾಗುವ ಮುಂಚೆ ಆ ಕಡೆ ಜಮೀನು ಹಿಡಿದವರಿಗೆ ಚೆನ್ನಾಗಿ ದುಡ್ಡಾಯಿತು. ಆದರೆ ಆ ಏರಿಕೆಯನ್ನೆಲ್ಲ ಸೇರಿಸಿಯೇ ಈಗ ನಿಮಗೆ ಬೆಲೆ ಹೇಳುತ್ತಿದ್ದಾರೆ, ಅಲ್ವಾ?

ಮೂರು ವರ್ಷಕ್ಕೆ ದುಪ್ಪಟ್ಟು ಅಂದರೆ ವರ್ಷಕ್ಕೆ ನೂರಕ್ಕೆ 26ರಂತೆ ಬೆಳೆಯಬೇಕು. ಎಂಟು ವರ್ಷ ಹಿಡಿದರೆ ಅದೇ ಲಾಭ 9ಕ್ಕೆ ಇಳಿಯುತ್ತದೆ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 2023ರ ಏಪ್ರಿಲ್‌ನಿಂದ ಬಡ್ಡಿ 8.2 ಇದೆ. ನಿಮ್ಮ 22 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 45,100 ರೂಪಾಯಿ ಬರುತ್ತದೆ. ಖಾಲಿ ಸೈಟು ಮಾರುವವರೆಗೂ ಒಂದು ರೂಪಾಯಿ ಕೊಡುವುದಿಲ್ಲ.

ಇನ್ನು ಜಿಪಿಎ. ಅದರಿಂದ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ರೆವೆನ್ಯೂ ಸೈಟು ಅಂದರೆ ಭೂಪರಿವರ್ತನೆ ಆಗದ ಕೃಷಿ ಜಮೀನಿನ ತುಂಡು. 2024ರ ಕೊನೆಯಿಂದ ಇ-ಖಾತಾ, ಅಂದರೆ ಆಸ್ತಿಯ ಡಿಜಿಟಲ್ ಖಾತೆ ದಾಖಲೆ, ಇಲ್ಲದೆ ನೋಂದಣಿಯೂ ಇಲ್ಲ. ನಾಳೆ ಮನೆಯಲ್ಲಿ ಆಸ್ಪತ್ರೆ ಖರ್ಚು ಬಂತು ಅಂದುಕೊಳ್ಳಿ. ಈ ಕಾಗದ ಇಟ್ಟುಕೊಂಡು ಬ್ಯಾಂಕು ಸಾಲ ಕೊಡುವುದಿಲ್ಲ, ಕೊಳ್ಳುವವರೂ ಅರ್ಧ ಬೆಲೆಗೆ ಕೇಳುತ್ತಾರೆ.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ನಾನೂ ಒಂದು ಸೈಟು ತಗೊಂಡಿದ್ದೆ, ಅದೂ ನೋಂದಣಿ ಆಗಿದ್ದು. ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ತೆಗೆಸಿ ನೋಡಿದ್ದೆ, ಒಂದು ಸಾಲವೂ ಇರಲಿಲ್ಲ. ಆದರೆ ಮಾರಿದವರು ಕೊಟ್ಟ ವಂಶವೃಕ್ಷದಲ್ಲಿ ಮೂರು ಗಂಡುಮಕ್ಕಳ ಹೆಸರು ಮಾತ್ರ ಇತ್ತು. ನಾಲ್ಕು ವರ್ಷದ ಮೇಲೆ ಅವರ ಅಕ್ಕ ಪಾಲು ಕೇಳಿ ದಾವೆ ಹಾಕಿದರು. ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ 2005ರ ತಿದ್ದುಪಡಿಯೇ ಹೇಳುತ್ತದೆ. ತಡೆಯಾಜ್ಞೆ ಬಂತು. ಪ್ರತಿ ಸಲ ವಾಯಿದೆಗೆ ಹೋಗಿ ಬರುವಾಗ ಆ ಸೈಟಿನ ಹತ್ತಿರ ನಿಲ್ಲುತ್ತಿದ್ದೆ. ಹಳದಿ ಬಣ್ಣ ಬಳಿದಿದ್ದ ಮೂಲೆಗಲ್ಲು ಪಾರ್ಥೇನಿಯಂ ಗಿಡದಲ್ಲಿ ಮುಚ್ಚಿಹೋಗಿತ್ತು, ಕಾಲಲ್ಲಿ ತಡಕಿ ಹುಡುಕಬೇಕಿತ್ತು. ಒಂಬತ್ತು ವರ್ಷಕ್ಕೆ ರಾಜಿ ಆಯಿತು. ಆಗ ನನಗೆ ಸಂಬಳ ಬರುತ್ತಿತ್ತು, ಹೇಗೋ ತಡೆದುಕೊಂಡೆ. ನಿಮಗೆ ಈ 28 ಲಕ್ಷ ಮತ್ತೆ ಬರುವ ದುಡ್ಡಲ್ಲ.

ಜಮೀನಿನ ಆಸೆ ತಪ್ಪು ಅಂತ ನಾನು ಹೇಳುತ್ತಿಲ್ಲ. ದಾವಣಗೆರೆಯಲ್ಲೇ, ನೀವು ಸಂಜೆ ನಡೆದು ಹೋಗಿ ನೋಡಬಹುದಾದ ಕಡೆ, ಪ್ರಾಧಿಕಾರ ಒಪ್ಪಿದ ಬಡಾವಣೆಯಲ್ಲಿ ಚಿಕ್ಕದೊಂದು ಸೈಟು ಹುಡುಕಿ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರನ್ನು ಅದರ ವೆಬ್‌ಸೈಟಿನಲ್ಲಿ ನೀವೇ ನೋಡಿ. ಎಂಟು–ಹತ್ತು ಲಕ್ಷ ಮೀರಬೇಡಿ. ಉಳಿದದ್ದು ಅಂಚೆ ಕಚೇರಿಯಲ್ಲಿರಲಿ.

ಷಡ್ಡಕರ ಹತ್ತಿರ ಸುಮ್ನೆ ಜಗಳ ಬೇಡ. ಆ ಜಮೀನಿನ ಪಹಣಿ, ಭೂಪರಿವರ್ತನೆ ಆದೇಶ, 30 ವರ್ಷದ ಇಸಿ ಮತ್ತು ಮನೆಯ ಹೆಣ್ಣುಮಕ್ಕಳ ಹೆಸರೂ ಇರುವ ವಂಶವೃಕ್ಷ ಕೇಳಿ. ಸಿಕ್ಕಿದರೆ ಪ್ರತಿಗಳನ್ನು ನಮಗೆ ಕಳಿಸಿ, ನಮ್ಮ ವಕೀಲರಿಗೆ ತೋರಿಸಿ ಬರೆಯುತ್ತೇನೆ.