ಅದಿರು ಹೊರುವ ಬಾಹ್ಯಾಕಾಶ ನೌಕೆಯ ಒಡಲು ಎಷ್ಟು ದೊಡ್ಡದಿರಬೇಕು?

ಕ್ಷುದ್ರಗ್ರಹದಿಂದ ಮಂಗಳಕ್ಕೆ ಕಬ್ಬಿಣದ ಅದಿರು ಸಾಗಿಸುವ ನೌಕೆಯ ಒಡಲಿನ ಅಳತೆ ಎಷ್ಟು, ಅದರಲ್ಲಿ ಹನ್ನೆರಡು ಮಂದಿ ಸಿಬ್ಬಂದಿ ಎಲ್ಲಿರಬೇಕು ಎಂದು ಕೇಳಿದ್ದೀರಿ. ನಾನು ಬರೆದು ಅಚ್ಚಾಗದೇ ಉಳಿದ ಮೊದಲ ವೈಜ್ಞಾನಿಕ ಕಥೆ ಶುರುವಾದದ್ದೂ ಇದೇ ಲೆಕ್ಕದಿಂದ.

ಪಣಂಬೂರಿನ ಬಂದರಿನಲ್ಲಿ ಅದಿರಿನ ಹಡಗುಗಳನ್ನು ನೋಡುತ್ತ ಬೆಳೆದವನು ನಾನು. ಆದ್ದರಿಂದ ಅಂಥದ್ದೇ ಒಂದು ಹಡಗನ್ನು ಎತ್ತಿ ಆಕಾಶಕ್ಕಿಟ್ಟೆ: 200 ಮೀಟರ್ ಉದ್ದ, 50 ಮೀಟರ್ ಅಗಲ, ಅಷ್ಟೇ ಎತ್ತರದ ಒಡಲು, ಹಿಂದೆ ಎಂಜಿನ್, ಅದರ ಪಕ್ಕದ ಮೂಲೆಯಲ್ಲಿ ಇಂಧನದ ತೊಟ್ಟಿ. ಹಸ್ತಪ್ರತಿ ಓದಿದ ಎಂಜಿನಿಯರ್ ಗೆಳೆಯನೊಬ್ಬ ಆ ಮೂಲೆಯ ಮೇಲೆ ಬೆರಳಿಟ್ಟು, ಇಷ್ಟೇನಾ ಎಂದ.

ನನ್ನ ತಪ್ಪು ಪೂರ್ತಿಯಾಗಿ ಅಲ್ಲಿಯೇ ಇತ್ತು. ಅದನ್ನು ಬಿಡಿಸಿಯೇ ಹೇಳಬೇಕು. ಆ ಒಡಲಿನಲ್ಲಿ 5 ಲಕ್ಷ ಘನಮೀಟರ್ ಜಾಗವಿದೆ. ಘನಮೀಟರಿಗೆ ಎರಡೂವರೆ ಟನ್ನಿನಂತೆ ತುಂಬಿದರೆ ಅದಿರೇ 12.5 ಲಕ್ಷ ಟನ್ ಆಗುತ್ತದೆ. ಸಮುದ್ರದಲ್ಲಿ ಈ ಭಾರವನ್ನು ನೀರು ಹೊರುತ್ತದೆ, ಎಂಜಿನ್ ನೀರಿನ ತಡೆಯನ್ನಷ್ಟೇ ಗೆಲ್ಲಬೇಕು. ಆಕಾಶದಲ್ಲಾದರೋ ವೇಗ ಬದಲಾಗಬೇಕೆಂದರೆ ತನ್ನದೇ ಒಂದಿಷ್ಟು ದ್ರವ್ಯವನ್ನು ಹಿಂದಕ್ಕೆ ಎಸೆಯಲೇಬೇಕು. ದ್ರವ ಹೈಡ್ರೋಜನ್ ಮತ್ತು ಆಮ್ಲಜನಕ ಉರಿದ ಅನಿಲ ಹೊರಚಿಮ್ಮುವ ವೇಗ ಸೆಕೆಂಡಿಗೆ ಸುಮಾರು 4.4 ಕಿಲೋಮೀಟರ್. ನೌಕೆಯ ವೇಗವನ್ನು ಒಟ್ಟು ಸೆಕೆಂಡಿಗೆ 5 ಕಿಲೋಮೀಟರಿನಷ್ಟು ಬದಲಿಸಬೇಕಾದರೆ, ನೌಕೆಯ ಸ್ವಂತ ತೂಕವನ್ನು ಬಿಟ್ಟರೂ, ಹೊರಡುವಾಗಿನ ತೂಕ ಸರಕಿನ ಮೂರು ಪಟ್ಟಿಗಿಂತ ಹೆಚ್ಚಿರಬೇಕು. ಅಂದರೆ ಸುಮಾರು 26 ಲಕ್ಷ ಟನ್ ನೋದಕ, ಹಿಂದಕ್ಕೆ ಎಸೆಯಲೆಂದೇ ಹೊರುವ ದ್ರವ್ಯ. ದ್ರವ ಹೈಡ್ರೋಜನ್ ಲೀಟರಿಗೆ 70 ಗ್ರಾಂ ಮಾತ್ರ ತೂಗುವುದರಿಂದ ಇಷ್ಟಕ್ಕೆ ಬೇಕಾದ ತೊಟ್ಟಿಗಳು ನಾನು ಹೆಮ್ಮೆಯಿಂದ ಬರೆದ ಒಡಲಿನ ಹದಿನಾಲ್ಕು ಪಟ್ಟು ದೊಡ್ಡವಾಗುತ್ತವೆ! ಕಪ್ತಾನ ನಡುದಾರಿಯಲ್ಲಿ ಹಡಗನ್ನು ಹಿಂದಕ್ಕೆ ತಿರುಗಿಸುವುದು ನನ್ನ ಕಥೆಯ ಮುಖ್ಯ ಘಟ್ಟವಾಗಿತ್ತು. ತಿರುಗಬೇಕಾದರೆ ಇದ್ದ ವೇಗವನ್ನು ಕಳೆದು ಎದುರು ದಿಕ್ಕಿಗೆ ಮತ್ತೆ ಗಳಿಸಬೇಕು. ವೇಗದ ಬದಲಾವಣೆ ಹೀಗೆ ಇಮ್ಮಡಿಯಾದರೆ ಹೊರಡುವಾಗಿನ ತೂಕಕ್ಕೂ ಸರಕಿನ ತೂಕಕ್ಕೂ ಇರುವ ಅನುಪಾತ ಇಮ್ಮಡಿಯಾಗುವುದಿಲ್ಲ, ಅದರ ವರ್ಗವಾಗುತ್ತದೆ: 3.1 ಇದ್ದದ್ದು 9.7ರ ಸುತ್ತ ಹೋಗಿ ನಿಲ್ಲುತ್ತದೆ. ಕಪ್ತಾನ ತಿರುಗುವಂತಿಲ್ಲ, ಕಥೆಯೂ ಮುಂದಕ್ಕೆ ಹೋಗುವಂತಿಲ್ಲ.

ಆದ್ದರಿಂದ ಒಡಲಿನ ಅಳತೆಯನ್ನು ಬದಿಗಿಡಿ. ಒಡಲೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಹಡಗಿನ ಗೋಡೆ ಇರುವುದು ನೀರನ್ನು ಹೊರಗಿಡಲು. ನಿರ್ವಾತದಲ್ಲಿ ಹೊರಗಿಡಬೇಕಾದದ್ದು ಏನೂ ಇಲ್ಲ. ನೂಕುಬಲವನ್ನು ತಾಳುವ ಒಂದು ಉದ್ದನೆಯ ಬೆನ್ನೆಲುಬು, ಅದರ ಸುತ್ತ ಚೆದುರದಂತೆ ಬಲೆಯಲ್ಲಿ ಬಿಗಿದ ಅದಿರು, ಇಷ್ಟು ಸಾಕು. ಭಾರವನ್ನು ಸುತ್ತಲೂ ಸಮನಾಗಿ ಹಂಚುವುದನ್ನು ಮರೆಯಬೇಡಿ. ನೂಕುವ ಗೆರೆ ಗುರುತ್ವಕೇಂದ್ರದ ಮೂಲಕ ಹಾಯದಿದ್ದರೆ ನೌಕೆ ಮುಂದೆ ಹೋಗುವ ಬದಲು ಗಿರಗಿರನೆ ತಿರುಗುತ್ತದೆ.

ಹನ್ನೆರಡು ಮಂದಿಯನ್ನಂತೂ ಇಳಿಸಿಬಿಡಿ. ಅದಿರು ಕೊಳೆಯುವ ವಸ್ತುವಲ್ಲ, ಅದಕ್ಕೆ ಆತುರವೂ ಇಲ್ಲ. ಅಯಾನು ಎಂಜಿನ್ ವಿದ್ಯುತ್ತಿನ ಬಲದಿಂದ ಸೆಕೆಂಡಿಗೆ 30 ಕಿಲೋಮೀಟರ್ ವೇಗದಲ್ಲಿ ವಿದ್ಯುದಾವೇಶವಿರುವ ಕಣಗಳನ್ನು ಚಿಮ್ಮಿಸುವುದರಿಂದ ಅದೇ 5 ಕಿಲೋಮೀಟರಿಗೆ ಸರಕಿನ ತೂಕದ ಶೇಕಡಾ 18ರಷ್ಟು ನೋದಕ ಸಾಕಾಗುತ್ತದೆ. ಆದರೆ ಅದರ ನೂಕು ಬಹಳ ಮೆಲ್ಲನೆಯದು: 2007ರಲ್ಲಿ ಹೊರಟ ನಾಸಾದ ಡಾನ್ ನೌಕೆ ಇಂಥ ಎಂಜಿನ್‌ ಬಲದಿಂದ 2011ರಲ್ಲಿ ವೆಸ್ಟಾ ಎಂಬ ಕ್ಷುದ್ರಗ್ರಹವನ್ನೂ 2015ರಲ್ಲಿ ಸೆರೆಸ್ ಎಂಬ ಕುಬ್ಜಗ್ರಹವನ್ನೂ ಸೇರಿತು, ಅದೂ ಲಕ್ಷಾಂತರ ಟನ್ ಹೊರದೆ. ನಿಮ್ಮ ಅದಿರಿಗೆ ಬೇಕಾಗುವ ವಿದ್ಯುತ್ತು ಎಲ್ಲಿಂದ ಬರುತ್ತದೆ, ಆ ವಿದ್ಯುತ್ ಸ್ಥಾವರದ ಶಾಖ ನಿರ್ವಾತದಲ್ಲಿ ಶಾಖ ಸೂಸುವ ಯಾವ ರೆಕ್ಕೆಗಳಿಂದ ಹೊರಹೋಗುತ್ತದೆ ಎಂಬುದನ್ನು ಮೊದಲು ಬರೆದುಕೊಳ್ಳಿ. ನೌಕೆಯ ನೋಟವನ್ನು ತೀರ್ಮಾನಿಸುವುದು ಆ ರೆಕ್ಕೆಗಳೇ.