ಚೌಕದ ಬಾಗಿಲು ಕೊನೆಗೆ ಹಾಕಿ

‘ದೇಶ’ ಅನ್ನುವ ಅರ್ಥದ ಚೀನೀ ಅಕ್ಷರ ‘ಗುವೊ’ (国, ಸರಳೀಕೃತ ಲಿಪಿಯದು) ಬರೆಯುವಾಗ ಹೊರಗಿನ ಚೌಕವನ್ನು ಮೊದಲೇ ಪೂರ್ತಿ ಮಾಡಿಬಿಡಬಹುದಾ ಅಂತ ಕೇಳಿದ್ದೀರಿ. ಬೇಡ. ಮೊದಲು ಎಡಗಡೆಯ ಉದ್ದಗೆರೆ. ಆಮೇಲೆ ಮೇಲಿನ ಅಡ್ಡಗೆರೆ ಎಳೆದು, ಕೈ ಎತ್ತದೆ ಬಲಗಡೆ ಕೆಳಕ್ಕೆ ತಿರುಗಿಸಿ. ಅದು ಒಂದೇ ಗೆರೆ! ನಾನೂ ಶುರುವಿನಲ್ಲಿ ನಾಲ್ಕು ಬದಿಗೆ ನಾಲ್ಕು ಗೆರೆ ಎಳೆಯುತ್ತಿದ್ದೆ. ಚೀನೀ ನಿಘಂಟಿನಲ್ಲಿ ಅಕ್ಷರದ ಭಾಗಗಳನ್ನು ಗೆರೆ ಎಣಿಸಿ ಹುಡುಕುವಾಗ ಚೌಕ 3 ಗೆರೆಯವುಗಳ ಸಾಲಿನಲ್ಲಿರುತ್ತದೆ, ನಾನು 4ರಲ್ಲಿ ಹುಡುಕಿ ಸುಸ್ತಾಗಿದ್ದೆ.

ಈಗ ಒಳಗಿನ ‘ಯು’, ಅಂದರೆ ಜೇಡ್ ಕಲ್ಲು. 5 ಗೆರೆ, ಅದರ ಚುಕ್ಕೆ ಕೊನೆಗೆ. ಎಲ್ಲ ಆದಮೇಲೆ ಚೌಕದ ತಳದ ಗೆರೆ. ಒಟ್ಟು 8. ‘ಮೊದಲು ಒಳಗೆ ಹೋಗು, ಆಮೇಲೆ ಬಾಗಿಲು ಹಾಕು’ ಅಂತ ಚೀನಾದ ಮಕ್ಕಳಿಗೆ ಹೇಳಿಕೊಡುತ್ತಾರೆ. ಮರೆಯೋದೇ ಇಲ್ಲ, ಅಲ್ವಾ?