ತೋಳಗಳ ಕಥೆ ಯಾಕೆ ಬೇಕಿತ್ತು?

ಅಮೆರಿಕದ ಲೇಖಕಿ ವಿಲಾ ಕ್ಯಾಥರ್ ಅವರ ‘ಮೈ ಆಂಟೋನಿಯಾ’ (1918) ಕಾದಂಬರಿ ಓದಿ ನೀವು ಬರೆದ ಪತ್ರದಲ್ಲಿ ಎರಡು ತಕರಾರುಗಳಿವೆ. ನಾಯಕಿ ನಡುವೆ ಪುಟಗಟ್ಟಲೆ ಕಾಣಿಸೋದೇ ಇಲ್ಲ. ರಷ್ಯದ ತೋಳಗಳ ಕಥೆಯನ್ನು ಸುಮ್ನೆ ತುರುಕಿದ್ದಾರೆ.

ಮೊದಲನೆಯದು ನಿಜ. ಕಥೆ ಹೇಳುವವನು ಆಂಟೋನಿಯಾಳ ನೆರೆಮನೆಯ ಹುಡುಗ ಜಿಮ್. ಅವನು ಲಿಂಕನ್ ಊರಿಗೆ ಓದಲು ಹೋದರೆ ನಾವೂ ಅವನ ಹಿಂದೆಯೇ ಹೋಗಬೇಕು. ಲ್ಯಾರಿ ಡೊನೊವನ್ ಮದುವೆಯ ಆಸೆ ತೋರಿಸಿ, ಬಸುರಿ ಆಂಟೋನಿಯಾಳನ್ನು ಕೈಬಿಟ್ಟು ಹೋಗುತ್ತಾನಲ್ಲ, ಬೇರೆಯವರಾಗಿದ್ದರೆ ಅದೊಂದನ್ನೇ ಹಿಡಿದು ಕಣ್ಣೀರಿನ ಕಾದಂಬರಿ ಬರೆಯುತ್ತಿದ್ದರು. ಇಲ್ಲಿ ಎಲ್ಲ ಮುಗಿದ ಮೇಲೆ ಸ್ಟೀವನ್ಸ್ ಎಂಬ ವಿಧವೆ ಅದನ್ನು ಜಿಮ್‌ಗೆ ಹೇಳುತ್ತಾಳೆ. ನನಗೆ ಇದೇ ಇಷ್ಟ. ದೂರ ಹೋದವನಿಗೆ ಊರಿನ ಸುದ್ದಿ ಹೀಗೇ ತಾನೇ ಸಿಗೋದು?

ತೋಳಗಳ ವಿಷಯದಲ್ಲಿ ಮಾತ್ರ ನಿಮ್ಮ ಮಾತು ಒಪ್ಪಲಾರೆ. ರಷ್ಯದಲ್ಲಿ ಮದುವೆ ದಿಬ್ಬಣದ ಹಿಂದೆ ತೋಳಗಳು ಬಿದ್ದಾಗ ಗಾಡಿ ಹಗುರಾಗಲೆಂದು ಪಾವೆಲ್ ಮದುಮಕ್ಕಳನ್ನೇ ಹಿಮಕ್ಕೆ ತಳ್ಳಿದವನು. ಊರು ಅವನನ್ನೂ ಜೊತೆಗಿದ್ದ ಪೀಟರ್‌ನನ್ನೂ ಹೊರಹಾಕಿತು. ಅಲೆದಲೆದು ಇಬ್ಬರೂ ಕಥೆ ನಡೆಯುವ ಅಮೆರಿಕದ ನೆಬ್ರಾಸ್ಕಾಕ್ಕೆ ಬಂದರು. ಈಗಿನ ಚೆಕ್ ದೇಶದ ಬೊಹೀಮಿಯಾದಿಂದ ಬಂದ ಆಂಟೋನಿಯಾಳ ಅಪ್ಪ ಶಿಮೆರ್ಡಾಗೆ ಇಂಗ್ಲಿಷ್ ಬಾರದು. ಆ ಬಯಲಲ್ಲಿ ಮನಸ್ಸು ಬಿಚ್ಚಿ ಮಾತಾಡಲು ಇದ್ದವರು, ಅವನ ಭಾಷೆಗೆ ಹತ್ತಿರದ ಭಾಷೆಯ ಈ ಇಬ್ಬರೇ. ಪಾವೆಲ್ ಸತ್ತ, ಪೀಟರ್ ಎಲ್ಲ ಮಾರಿ ಹೋದ. ಅದೇ ಚಳಿಗಾಲದಲ್ಲಿ ಶಿಮೆರ್ಡಾ ಕೊಟ್ಟಿಗೆಯಲ್ಲಿ ಗುಂಡು ಹಾರಿಸಿಕೊಂಡ. ಇದರಿಂದಲೇ ಅದಾಯಿತು ಎಂದು ಕ್ಯಾಥರ್ ಬೆರಳು ಮಾಡಿ ತೋರಿಸುವುದಿಲ್ಲ, ಅಷ್ಟೇ.

ಆತ್ಮಹತ್ಯೆ ಮಾಡಿಕೊಂಡವನಿಗೆ ಚರ್ಚಿನ ಸ್ಮಶಾನದಲ್ಲಿ ಜಾಗವಿಲ್ಲ. ಹಾಗಾಗಿ ಅವನ ಜಮೀನಿನ ಮೂಲೆಯಲ್ಲೇ ಹೂಳುತ್ತಾರೆ. ಮುಂದೆ ಅಲ್ಲೇ ಎರಡು ರಸ್ತೆ ಕೂಡಬೇಕಿತ್ತು. ಆದರೆ ಎರಡೂ ಗೋರಿಯನ್ನು ಬಿಟ್ಟು ಸ್ವಲ್ಪ ಬಳಸಿಕೊಂಡು ಹೋಗುತ್ತವೆ. ಸುತ್ತಲಿನ ಬಯಲೆಲ್ಲ ಉಳುಮೆಯಾದ ಮೇಲೂ ಹಳೆಯ ಕೆಂಪು ಹುಲ್ಲು ಆ ತುಂಡು ನೆಲದಲ್ಲಿ ಉಳಿಯುತ್ತದೆ. ವಲಸೆ ಬಂದವರು ಏನು ಪಡೆದರು, ಏನು ಕಳೆದುಕೊಂಡರು ಎಂದು ಬೇರೆ ಭಾಷಣ ಬೇಕೇ?

ಒಣ ಅಣಬೆಯ ಪ್ರಸಂಗವನ್ನೂ ಇನ್ನೊಮ್ಮೆ ಓದಿ. ಶಿಮೆರ್ಡಾನ ಹೆಂಡತಿ ಜೋಪಾನವಾಗಿ ಇಟ್ಟುಕೊಂಡಿದ್ದನ್ನು ಪ್ರೀತಿಯಿಂದ ಕೊಡುತ್ತಾಳೆ. ಜಿಮ್‌ನ ಅಜ್ಜಿಗೆ ಅದು ಏನೆಂದೇ ಗೊತ್ತಾಗದೆ ಒಲೆಗೆ ಹಾಕುತ್ತಾಳೆ. ಹುಡುಗ ಒಂದು ಚೂರು ಕಚ್ಚಿ ನೋಡುತ್ತಾನೆ. ಅದು ಅಣಬೆ ಎಂದು ಅವನಿಗೆ ತಿಳಿಯುವುದು ಎಷ್ಟೋ ವರ್ಷಗಳ ಮೇಲೆ.

ಜಗಳ ತೆಗೆಯುವುದಾದರೆ ಬೇರೆ ಕಡೆ ತೆಗೆಯಿರಿ. ಮೊದಲ ಹಿಮ ಬಿದ್ದಾಗ ಹುಲ್ಲಿನಲ್ಲಿ ದೊಡ್ಡದೊಂದು ವೃತ್ತ ಎದ್ದು ಕಾಣುತ್ತದೆ. ಹಿಂದೆ ಅಲ್ಲಿನ ಮೂಲನಿವಾಸಿಗಳು ಕುದುರೆ ಓಡಿಸುತ್ತಿದ್ದ ಜಾಗವದು. ಅವರು ಎಲ್ಲಿ ಹೋದರು, ಅವರನ್ನು ಅಲ್ಲಿಂದ ಯಾರು ಓಡಿಸಿದರು ಎಂದು ಯಾರೂ ಕೇಳುವುದಿಲ್ಲ. ಜಿಮ್‌ಗೆ ಅದು ನೋಡಲು ಚೆಂದ, ಅಷ್ಟೇ. ಇಷ್ಟು ಸೂಕ್ಷ್ಮವಾಗಿ ನೋಡುವ ಲೇಖಕಿ ಇಲ್ಲಿ ಹೀಗೆ ದಾಟಿಕೊಂಡು ಹೋಗಿದ್ದು ನನಗೆ ಸರಿಬರಲಿಲ್ಲ.

ಗಟ್ಟಿ ಕಥೆಯೇ ಬೇಕೆಂದರೆ ಇವರದೇ ‘ಓ ಪಯೊನಿಯರ್ಸ್!’ (1913) ಓದಿ. ಅದೂ ನೆಬ್ರಾಸ್ಕಾದ್ದೇ. ಅಲ್ಲಿ ಪ್ರೇಮವೂ ಇದೆ, ಕೊಲೆಯೂ ಇದೆ.

– ಸಂ.